ಬಸವರಾಜನ ಕಾರಿಗೆ ಬ್ರೇಕು

ಇವತ್ತು ಗೊರೇಬಾಳದಲ್ಲಿ ಅಕ್ಕನ ಕೈಲಿ ಬೈಸಿಕೊಂಡೆ, ಬಂಧುಗಳೇ. ಆಕೆಯ ಮಗ ಬಸವರಾಜ ತೀರಿಕೊಂಡು ವರ್ಷವಾಯಿತು. ಸಿಂಧನೂರಿನ ತನ್ನ ಗ್ಯಾರೇಜಿನಲ್ಲಿ ಹಳೆಯ ಕಾರೊಂದನ್ನು ಬಿಚ್ಚಿ ರೇಸ್ ಕಾರು ಮಾಡಿದ್ದ. ಅದರ ಬ್ರೇಕ್ ಹಿಡಿಯದೆ ಕಾಲುವೆಗೆ ಬಿದ್ದು ಹೋದ. ಸತ್ತವರಿಗೆ ಇಷ್ಟವಾದದ್ದನ್ನು ಎಡೆಯ ಜೊತೆ ಫೋಟೊ ಮುಂದೆ ಇಡುವುದು ನಮ್ಮ ಪದ್ಧತಿ. ಅದಕ್ಕೇ ತೇಗದ ತುಂಡು ಕೆತ್ತಿ, ಅವನ ಕಾರಿನಂತೆಯೇ ಗೇಣುದ್ದದ ಕಾರು ಮಾಡಿ ಒಯ್ದಿದ್ದೆ: ಅದೇ ಕೆಂಪು ಬಣ್ಣ, ತೆರೆಯುವ ಬಾಗಿಲು, ಹಿಂದೊಂದು ರೆಕ್ಕೆ.

ಅಕ್ಕ ಬಾಗಿಲು ತೆರೆದು ಒಳಗೆ ಇಣುಕಿದಳು.

“ತಮ್ಮಾ, ಬ್ರೇಕ್ ಎಲ್ಲೈತೋ?”

“ಇದು ಗೊಂಬಿ ಇದ್ದಂಗ ಅಕ್ಕಾ, ಓಡಂಗಿಲ್ಲ.”

“ಆ ಗಾಡಿನೂ ಓಡಂಗಿಲ್ಲ ಅಂತ ಊರೆಲ್ಲ ನಕ್ಕಿತ್ತು. ಬ್ರೇಕ್ ಇಲ್ಲದ್ದು ನನ್ನ ಮಗನ ಮುಂದ ಇಡಬ್ಯಾಡ!”

ಪೂಜೆಗೆ ಬಂದ ಅಯ್ಯನವರು ಕಾದು ಕೂತರು. ಎಡೆ ಆರಿತು. ಆಕೆಯ ತಲೆಪಿನ್ನನ್ನೇ ಮುರಿದು, ಪೆಡಲ್ ಮಾಡಿ ಅಂಟಿಸಿದೆ. ಅಕ್ಕ ಕಿರುಬೆರಳಿನಿಂದ ಒತ್ತಿ ನೋಡಿದಳು. “ಹಾಂ, ಈಗ ಹಿಡಿತೈತಿ” ಎಂದು ಕಾರನ್ನು ತಾನೇ ಫೋಟೊ ಮುಂದೆ ಇಟ್ಟು ಅತ್ತಳು.

ಆ ಪೆಡಲಿಗೂ ಗಾಲಿಗೂ ಯಾವ ಸಂಬಂಧವೂ ಇಲ್ಲ. ಅಕ್ಕ ಫೋನಿನಲ್ಲಿ ಇದನ್ನೆಲ್ಲ ಓದುವವಳಲ್ಲ. ನೀವ್ಯಾರೂ ಹೇಳಲು ಹೋಗಬೇಡಿ.