ಸಂಜೆ ಬರುತ್ತಿದ್ದ ಜ್ವರ

೨೦೦೭ರಲ್ಲಿ ನಾನು ಗುಬ್ಬಿಯಲ್ಲಿ ಪಶುವೈದ್ಯಾಧಿಕಾರಿಯಾಗಿದ್ದೆ. ಬೆಳ್ಳಾವಿ ಕಡೆಯ ಕೆಲವು ಹಳ್ಳಿಗಳೂ ನನ್ನ ಪ್ರಭಾರದಲ್ಲಿದ್ದವು. ಮದುವೆಯಾಗಿರಲಿಲ್ಲ, ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸಿನಲ್ಲಿ ಒಬ್ಬಳೇ ಇದ್ದೆ. ದಿನವೆಲ್ಲ ಜನರ ನಡುವೆಯೇ ಇರುತ್ತಿದ್ದರೂ ಅವರು ನನ್ನೊಡನೆ ಆಡುತ್ತಿದ್ದುದು ದನಗಳ ಮಾತು. ಮನೆಗೆ ಬಂದು ಬಾಗಿಲು ಹಾಕಿಕೊಂಡರೆ ರೇಡಿಯೊ ಹಚ್ಚುತ್ತಿದ್ದೆ. ವಾರ್ತೆ ಓದುವವರಿಗೆ ಉತ್ತರ ಕೊಟ್ಟದ್ದೂ ಉಂಟು.

ಆ ಬೇಸಗೆಯಲ್ಲಿ ಬೆಳ್ಳಾವಿ ಕಡೆಯ ಲೋಕೇಶ ಎಂಬ ರೈತ ಬೈಕಿನಲ್ಲಿ ಬಂದ. "ಮೇಡಂ, ಏಳು ತಿಂಗ್ಳು ಗಬ್ಬದ ಹಸು ಕಂದಾಕ್ಬುಟ್ಟದೆ. ಕಸಾನೂ ಬಿದ್ದಿಲ್ಲ, ಬೇಗ ಬನ್ನಿ" ಅಂದ. ಕಂದು ಹಾಕುವುದೆಂದರೆ ಗರ್ಭಪಾತ. ಕರುವಿನ ಹಿಂದೆ ಬೀಳಬೇಕಾದ ಮಾಸನ್ನು ನಮ್ಮ ಕಡೆ ಕಸ ಅನ್ನುತ್ತಾರೆ. ಅದು ಒಳಗೇ ಉಳಿದರೆ ಕೊಳೆತು ಹಸುವಿನ ಜೀವಕ್ಕೇ ಕುತ್ತು. ಹೋದೆ. ಕೆಲಸದ ನಡುವೆ ಉದ್ದನೆಯ ಕೈಗವಸು ಹರಿಯಿತು. ಇನ್ನೊಂದು ಜೊತೆ ಇರಲಿಲ್ಲ. ಬರಿಗೈಯಲ್ಲೇ ಮುಗಿಸಿದೆ.

ಸತ್ತ ಕರುವನ್ನು ಎತ್ತಿ ಆಚೆ ಹಾಕಿದವಳು, ಕೊಟ್ಟಿಗೆ ಬಳಿದವಳು, ನನಗೆ ಬಿಸಿನೀರು ತಂದವಳು ಎಲ್ಲ ಒಬ್ಬಳೇ: ಲೋಕೇಶನ ಹೆಂಡತಿ ಮಂಗಳ. ಇಪ್ಪತ್ನಾಲ್ಕು, ಇಪ್ಪತ್ತೈದರ ಹುಡುಗಿ. ಮಾತೆಲ್ಲ ಅವಳ ಅತ್ತೆ ನಂಜಮ್ಮನದು.

"ಈ ಮನೇಲಿ ಹಸೀಗೂ ನಿಲ್ಲಲ್ಲ, ಸೊಸೆಗೂ ನಿಲ್ಲಲ್ಲ ಕಣ್ ಡಾಕ್ಟ್ರಮ್ಮ. ಎಲ್ಲಾ ಇವ್ಳ ಕಾಲ್ಗುಣ."

ಮಂಗಳಾಗೆ ಅಷ್ಟರಲ್ಲಿ ಒಮ್ಮೆ ಗರ್ಭ ಹೋಗಿತ್ತಂತೆ. ಆಗ ಮತ್ತೆ ಮೂರು ತಿಂಗಳು. ನಾನು ಕೈ ತೊಳೆದುಕೊಂಡು ಬಂದೆ.

ಕೆಲವು ವಾರಗಳ ಮೇಲೆ ನನಗೆ ಜ್ವರ ಹಿಡಿಯಿತು. ಬೆಳಗ್ಗೆ ಏನೂ ಇರುತ್ತಿರಲಿಲ್ಲ. ಹೊತ್ತು ಇಳಿಯುತ್ತಲೇ ಮೈ ಕಾಯುತ್ತಿತ್ತು, ಸೊಂಟ ಮುರಿದಂತೆ ನೋಯುತ್ತಿತ್ತು, ಆಮೇಲೆ ಹಾಸಿಗೆ ನೆನೆಯುವಷ್ಟು ಬೆವರು. ಆ ಹಾಸಿಗೆ ಬದಲಿಸಲು ಎದ್ದು ನಿಂತಾಗ ಗೋಡೆ ಹಿಡಿಯಬೇಕಾಗುತ್ತಿತ್ತು. ತುಮಕೂರಿನ ವೈದ್ಯರೊಬ್ಬರು ಮಲೇರಿಯಾ ಅಲ್ಲವೆಂದರು, ಟೈಫಾಯಿಡ್ ಇರಬಹುದೆಂದು ಔಷಧಿ ಕೊಟ್ಟರು. ಜ್ವರ ಹೋಗಿ ಮತ್ತೆ ಬಂತು. ನಮ್ಮ ಆಸ್ಪತ್ರೆಯ ಅಟೆಂಡರ್ ಬಶೀರ್ ಸಾಹೇಬರು ಮನೆಯಿಂದ ಗಂಜಿ ತಂದು ಬಾಗಿಲ ಬಳಿ ಇಟ್ಟು ಕೂಗುತ್ತಿದ್ದರು: "ಮೇಡಂ, ತಣ್ಣಗಾಗೋ ಮುಂಚೆ ಕುಡೀರಿ. ಅಮ್ಮನ್ನಾದ್ರೂ ಕರೆಸ್ಕೊಬಾರ್ದಾ?" ನನ್ನ ತಾಯಿ ತೀರಿ ವರ್ಷಗಳಾಗಿದ್ದುದನ್ನು ನಾನು ಅವರಿಗೆ ಎಂದೂ ಹೇಳಿರಲಿಲ್ಲ. ಹೇಳುವ ಸಂದರ್ಭವೂ ಬಂದಿರಲಿಲ್ಲ.

ಒಂದು ಬೆಳಗ್ಗೆ ಜ್ವರವಿಲ್ಲದೆ ಕೂತಿದ್ದಾಗ, ಬೇರೆಯವರ ಮನೆಯ ಹಸುವಿನ ಬಗ್ಗೆ ಯೋಚಿಸುವ ಹಾಗೆ ನನ್ನ ಬಗ್ಗೆ ಯೋಚಿಸಿದೆ. ಏರಿಳಿಯುವ ಜ್ವರ, ಬೆವರು, ಸೊಂಟನೋವು. ಕಂದು ಹಾಕಿದ ಹಸುವಿನೊಳಗೆ ಬರಿಗೈ. ವಿದ್ಯಾರ್ಥಿಯಾಗಿದ್ದಾಗ ಓದಿದ್ದೆ: ಬ್ರುಸೆಲ್ಲಾ. ಅದೊಂದು ಬ್ಯಾಕ್ಟೀರಿಯಾ. ಹಸುಗಳಲ್ಲಿ ಕಂದು ರೋಗ ತರುತ್ತದೆ. ಮಾಸಿನಿಂದ, ಕಾಯಿಸದ ಹಾಲಿನಿಂದ ಮನುಷ್ಯರಿಗೂ ದಾಟುತ್ತದೆ. ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿದ್ದ ಸಹಪಾಠಿ ಶೈಲಜಾಗೆ ನನ್ನ ರಕ್ತ ಕಳಿಸಿದೆ. ಅವಳು ಫೋನ್ ಮಾಡಿದಳು.

"ನಿಂದು ಪಾಸಿಟಿವ್ ಕಣೇ. ಯಾವ ಹಸು ಅಂತ ಗೊತ್ತಾ? ಅದರ ಹಾಲು ಬೇಕು ನಂಗೆ."

ಹಾಲಿನ ಸ್ಯಾಂಪಲ್ಲಿಗೆಂದು ಮತ್ತೆ ಲೋಕೇಶನ ಮನೆಗೆ ಹೋದೆ. ಕೊಟ್ಟಿಗೆಯಲ್ಲಿ ನಂಜಮ್ಮನೇ ಸೆಗಣಿ ಬಾಚುತ್ತಿದ್ದರು. ಸೊಸೆ ಎಲ್ಲಿ ಎಂದು ಕೇಳಿದೆ. "ಅದೂ ಹೋಯ್ತು ಡಾಕ್ಟ್ರಮ್ಮ, ಎರಡ್ನೇದೂ. ಕುಣಿಗಲ್‌ಗೆ, ಅವ್ರ ಅಪ್ಪನ ಮನೆಗೆ ಕಳ್ಸಿದೀವಿ. ಇವ್ನಿಗೆ ಬೇರೆ ಕಡೆ ಹೆಣ್ಣು ನೋಡ್ತಾ ಇದೀವಿ" ಅಂದರು. ಲೋಕೇಶ ಹಸುವಿನ ಹಗ್ಗ ಹಿಡಿದು ನಿಂತಿದ್ದ. ತಲೆ ಎತ್ತಲಿಲ್ಲ.

ಹಾಲು ಕಳಿಸಿ, ಮುಂದಿನ ಭಾನುವಾರ ಕುಣಿಗಲ್ ಬಸ್ಸು ಹತ್ತಿದೆ. ಮನುಷ್ಯರಿಗೆ ಚಿಕಿತ್ಸೆ ಕೊಡುವ ಅಧಿಕಾರ ನನಗಿಲ್ಲ. ನಾನು ಹೋಗಿ ಏನು ಮಾಡಬಲ್ಲೆ ಎಂಬುದು ದಾರಿಯುದ್ದಕ್ಕೂ ಸ್ಪಷ್ಟವಿರಲಿಲ್ಲ.

ಮಂಗಳ ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಸೊರಗಿದ್ದಳು. "ದನದ್ ಡಾಕ್ಟ್ರು ನನ್ನ ಯಾಕ್ ನೋಡಕ್ ಬಂದ್ರಿ ಮೇಡಂ?" ಅಂದಳು.

"ನಿಂಗೆ ಸಂಜೆ ಹೊತ್ತು ಜ್ವರ ಬರುತ್ತಾ?"

ಅವಳ ಕೈ ನಿಂತಿತು. "ಬರ್ತದೆ. ಯಾರ್ಗೂ ಹೇಳಿಲ್ಲ. ಬೆಳಗ್ಗೆ ಹೊತ್ಗೆ ಹೋಗ್ಬುಡ್ತದಲ್ಲ, ಕೆಲ್ಸ ಮಾಡ್ತೀನಿ. ನಿಮ್ಗೆಂಗೆ ಗೊತ್ತಾಯ್ತು?"

"ನಂಗೂ ಬರುತ್ತೆ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಪಕ್ಕ ಬಂದು ಕೂತಳು. ಬೆವರಿನ ಮಾತಾಡಿದೆವು, ಸೊಂಟದ ಮಾತಾಡಿದೆವು. ಎಷ್ಟೋ ತಿಂಗಳ ಮೇಲೆ ನಾನು ನನ್ನ ಬಗ್ಗೆ ಒಬ್ಬರೊಡನೆ ಮಾತಾಡಿದ್ದು ಅಂದೇ.

ತುಮಕೂರಿನ ಒಬ್ಬ ಲೇಡಿ ಡಾಕ್ಟರ್ ಬಳಿಗೆ ಅವಳನ್ನು ಕರೆದೊಯ್ದೆ. ಅವರು ನನ್ನ ಮಾತು ಪೂರ್ತಿ ಕೇಳಿ ರಕ್ತ ತೆಗೆಸಿ ಶೈಲಜಾಗೆ ಕಳಿಸಿದರು. ಅವಳದೂ ಪಾಸಿಟಿವ್ ಬಂತು, ಇಬ್ಬರಿಗೂ ಚಿಕಿತ್ಸೆ ಶುರುವಾಯಿತು: ಎರಡು ಬಗೆಯ ಆ್ಯಂಟಿಬಯಾಟಿಕ್, ಆರು ವಾರ, ಒಂದು ದಿನವೂ ತಪ್ಪಿಸುವಂತಿಲ್ಲ. ಅತ್ತ ಶೈಲಜಾ ಹಾಲಿನಿಂದಲೂ ನಮ್ಮಿಬ್ಬರ ರಕ್ತದಿಂದಲೂ ಬ್ಯಾಕ್ಟೀರಿಯಾ ಬೆಳೆಸಿ ಡಿಎನ್ಎ ಬೇರ್ಪಡಿಸಿದಳು. ನಿಧಾನದ ಕೆಲಸ, ತಿಂಗಳೇ ಹಿಡಿಯಿತು. ಈ ಬ್ಯಾಕ್ಟೀರಿಯಾದ ಪೂರ್ತಿ ಜೀನೋಮನ್ನು, ಅಂದರೆ ಅದರ ಡಿಎನ್ಎಯ ಇಡೀ ಬರಹವನ್ನು, ವಿಜ್ಞಾನಿಗಳು ಓದಿ ಮುಗಿಸಿ ಆಗ ಕೆಲವೇ ವರ್ಷಗಳಾಗಿದ್ದವು. ಆ ಬರಹದ ಕೆಲವು ಜಾಗಗಳಲ್ಲಿ ಒಂದೇ ತುಣುಕು ಮತ್ತೆ ಮತ್ತೆ ಬರುತ್ತದೆ; ಎಷ್ಟು ಸಲ ಎಂಬುದು ಒಂದೊಂದು ತಳಿಯಲ್ಲಿ ಒಂದೊಂದು ಬಗೆ. ಅಂಥ ಹಲವು ಜಾಗಗಳನ್ನು ಹೋಲಿಸಿದರೆ ಬ್ಯಾಕ್ಟೀರಿಯಾಕ್ಕೂ ಬೆರಳಚ್ಚು ಸಿಕ್ಕಿದ ಹಾಗೆ.

"ಮೂರೂ ಒಂದೇ ಕಣೇ" ಅಂದಳು ಶೈಲಜಾ. "ಹಸು, ನೀನು, ಆ ಹುಡುಗಿ. ಒಂದು ಕಡೆಯೂ ವ್ಯತ್ಯಾಸ ಇಲ್ಲ."

ಇದನ್ನು ಬೆಳ್ಳಾವಿಯವರಿಗೆ ಹೇಳಲೇ ಎಂದು ಮಂಗಳಾಳನ್ನು ಕೇಳಿದೆ. ಅವಳ ಕಾಯಿಲೆ, ಅವಳ ಒಪ್ಪಿಗೆ ಬೇಕಿತ್ತು. "ಹೇಳಿ ಮೇಡಂ. ಅಕ್ಕಪಕ್ಕದೋರ್ಗೂ ಕೇಳಂಗೆ ಹೇಳಿ" ಅಂದಳು.

ಹೋಗಿ ಜಗಲಿಯ ಮೇಲೆ ಕೂತು ಹೇಳಿದೆ. ಗರ್ಭ ಹೋದದ್ದಕ್ಕೆ ಇದೇ ಕಾರಣವೆಂದು ಖಡಾಖಂಡಿತವಾಗಿ ಹೇಳಲಾಗದು, ಆದರೆ ಈ ರೋಗದಲ್ಲಿ ಹಾಗಾಗುವುದುಂಟು. ರೋಗ ಬಂದದ್ದಂತೂ ನಿಮ್ಮ ಕೊಟ್ಟಿಗೆಯಿಂದ, ನಿಮ್ಮ ಕೆಲಸ ಮಾಡಿಯೇ ಬಂದದ್ದು ಎಂದೆ. ಹಸುವನ್ನು ಬೇರೆ ಕಟ್ಟಿ, ಹಾಲು ಕಾಯಿಸದೆ ಕುಡಿಯಬೇಡಿ, ಮನೆಯವರೆಲ್ಲ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ ಎಂದೂ ಹೇಳಿದೆ. ನಂಜಮ್ಮ, "ಹಂಗಾರೆ ಅವ್ಳಿಂದ ಹಸೀಗಲ್ಲ, ಹಸೀಂದ ಅವ್ಳಿಗಾ?" ಅಂದರು. ಹೌದು ಅಂದೆ. ಅವರು ಒಳಗೆ ಎದ್ದು ಹೋದರು.

ಮರುವಾರ ಲೋಕೇಶ ಹೂವು ಹಣ್ಣು ಹಿಡಿದು ಕುಣಿಗಲ್‌ಗೆ ಹೋದ. ಅಲ್ಲಿ ನಡೆದದ್ದನ್ನು ಮಂಗಳಾಳೇ ನನಗೆ ಹೇಳಿದಳು.

"ಒಂದೇ ಮಾತು ಕೇಳ್ದೆ ಮೇಡಂ. ಹಸೀಂದ ಅಂತ ಗೊತ್ತಾಗ್ದಿದ್ರೆ ನೀನ್ ಬರ್ತಿದ್ಯಾ ಅಂತ. ಮಾತಾಡ್ಲಿಲ್ಲ. ಹಣ್ಣು ಇಸ್ಕೊಂಡು ಕಳುಸ್ಬುಟ್ಟೆ."

ಅವಳು ಹೋಗಲಿಲ್ಲ. ಜ್ವರ ಪೂರ್ತಿ ವಾಸಿಯಾದ ಮೇಲೆ ಕುಣಿಗಲ್ಲಿನ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸಕ್ಕೆ ಸೇರಿದಳು. ವರ್ಗವಾಗುವವರೆಗೆ ಭಾನುವಾರಗಳಲ್ಲಿ ನಾನು ಆಗಾಗ ಅಲ್ಲಿಗೆ ಹೋಗಿ ಅವಳ ಕೈಯ ಊಟ ಮಾಡಿ ಬರುತ್ತಿದ್ದೆ.

ಇಷ್ಟು ವರ್ಷದ ಸೇವೆಯಲ್ಲಿ ನಾನು ಕಲಿತದ್ದು ಇದು. ಸೂಕ್ಷ್ಮಾಣು ಎಲ್ಲಿಂದ ಬಂತೆಂದು ಜೀನೋಮ್ ಹೇಳಬಲ್ಲದು, ಅದೂ ತಪ್ಪಿಲ್ಲದಂತೆ. ಆದರೆ ಅದಕ್ಕೆ ಮೊದಲು ಯಾರಾದರೂ ಒಬ್ಬರು ಆ ಮನೆಯ ಹಿತ್ತಿಲಿಗೆ ಹೋಗಿ ಮನುಷ್ಯರನ್ನು ಮಾತಾಡಿಸಬೇಕು. ನಿವೃತ್ತಿಯಾಗುವವರೆಗೂ ನಾನು ಯಾವ ಕೊಟ್ಟಿಗೆಗೆ ಹೋದರೂ ಹಸುವಿನ ಮೈ ಮುಟ್ಟುವ ಮುನ್ನ, ಅದರ ಹಾಲು ಕರೆಯುವ ಹೆಂಗಸು ಯಾರೆಂದು ವಿಚಾರಿಸಿ, ಅವಳನ್ನು ಹೊರಗೆ ಕರೆಸಿ, "ನೀನು ಹೇಗಿದೀಯಮ್ಮ?" ಎಂದು ಕೇಳುತ್ತಿದ್ದೆ. ಹೆಚ್ಚಿನವರು ಮೊದಲು ಹಿಂದೆ ತಿರುಗಿ ನೋಡುತ್ತಿದ್ದರು, ನಾನು ಕೇಳಿದ್ದು ಬೇರೆ ಯಾರನ್ನೋ ಎಂಬಂತೆ.