ಕವಳಕ್ಕೊಂದು ನೆಲ್ಲಿಕಾಯಿ

ಕೊಪ್ಪದ ದಂತವೈದ್ಯರು ಅತ್ತೆಯ ಹುಳುಕು ಹಲ್ಲು ಕಿತ್ತ ಮೇಲೂ ಟಾರ್ಚ್ ಆರಿಸಲಿಲ್ಲ. ಕೆನ್ನೆಯ ಒಳಗಡೆ ಮತ್ತೆ ಮತ್ತೆ ನೋಡಿದರು. ಅಲ್ಲಿ ಒಂದು ಬಿಳಿ ಮಚ್ಚೆ ಇತ್ತು.

“ಕವಳ, ಎಲೆಅಡಿಕೆ ಪೂರ್ತಿ ಬಿಡಬೇಕು ಅಮ್ಮ. ಹೊಗೆಸೊಪ್ಪಂತೂ ಮುಟ್ಟಲೇಬಾರದು. ಕೆಲವು ವಾರ ಬಿಟ್ಟು ನೋಡ್ತೀನಿ. ಆಗಲೂ ಹೀಗೇ ಇದ್ರೆ ಶಿವಮೊಗ್ಗಕ್ಕೆ ಹೋಗಿ ಒಂದು ಚೂರು ತೆಗೆಸಿ ಪರೀಕ್ಷೆ ಮಾಡಿಸಬೇಕಾಗ್ತದೆ” ಎಂದರು. ಯಾವುದರ ಪರೀಕ್ಷೆ ಎಂದು ಹೇಳಲಿಲ್ಲ. ಮಾತ್ರೆಯ ಚೀಟಿ ಬರೆಯುತ್ತ, “ಇದು ಆಂಟಿಆಕ್ಸಿಡೆಂಟ್, ಜೊತೆಗಿರಲಿ” ಎಂದು ಸೇರಿಸಿದರು.

ಅಷ್ಟೂ ಮಾತಿನಲ್ಲಿ ಅತ್ತೆಯ ಕಿವಿಗೆ ಬಿದ್ದದ್ದು ಕೊನೆಯದೊಂದೇ.

ಎರಡು ಸಾವಿರದ ದಶಕದ ನಡುವಿನ ವರ್ಷಗಳವು. ಆ ಶಬ್ದ ಆಗಷ್ಟೇ ಊರಿಗೆ ಬಂದಿತ್ತು. ಯಾವುದೋ ಹಣ್ಣಿನ ರಸವನ್ನು ಕಪ್ಪು ಬಾಟಲಿಯಲ್ಲಿ ತುಂಬಿ ಮಾರುವವರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದವರಿಗೆಲ್ಲ ಆಂಟಿಆಕ್ಸಿಡೆಂಟ್ ಪಾಠ ಹೇಳುತ್ತಿದ್ದರು. ಮಂಡಿನೋವಿಗೂ ಅದೇ, ಮಕ್ಕಳಾಗದಿದ್ದರೂ ಅದೇ. ನಾನು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುವವಳು, ಇಂಥದ್ದನ್ನು ಕೇಳಿದರೆ ಮೈ ಉರಿಯುತ್ತಿತ್ತು. ಆದರೆ ವೈದ್ಯರಲ್ಲಿಂದ ಮನೆಗೆ ಬಂದ ದಿನವೇ ಅತ್ತೆ, “ಅದೆಂತದೇ ಅದು, ಸರಿಯಾಗಿ ಹೇಳು” ಎಂದು ಕೇಳಿದಾಗ ಖುಷಿಯಾಗಿ ಕೂತು ವಿವರಿಸಿದೆ. ಯಾರಾದರೂ ಕೇಳಿದರೆ ಸಾಕು, ನನಗೆ ಬೋರ್ಡೊಂದೇ ಕಡಿಮೆ.

“ದೇವಸ್ಥಾನದ ಹೊರಗೆ ಒಬ್ಬನ ಒಂದು ಚಪ್ಪಲಿ ಕಳೆದುಹೋಯ್ತು ಅಂದ್ಕೊಳ್ಳಿ ಅತ್ತೆ. ಅವನು ಸುಮ್ನಿರಲ್ಲ. ಪಕ್ಕದವನ ಜೋಡಿಯಿಂದ ಒಂದನ್ನ ಎಗರಿಸ್ತಾನೆ. ಪಕ್ಕದವನದ್ದು ಒಂಟಿಯಾಯ್ತು. ಅವನು ಇನ್ನೊಬ್ಬನದ್ದಕ್ಕೆ ಕೈ ಹಾಕ್ತಾನೆ. ಹೀಗೆ ಇಡೀ ಸಾಲೇ ಗಲಾಟೆ. ಮೈಯೊಳಗೆ ಈ ಗಲಾಟೆ ಎಬ್ಬಿಸೋವು ಫ್ರೀ ರ‍್ಯಾಡಿಕಲ್. ಹೊಗೆಸೊಪ್ಪು, ಸುಣ್ಣ, ಅಡಿಕೆ ಒಟ್ಟಿಗೆ ಸೇರಿದಲ್ಲಿ ಅವು ಜಾಸ್ತಿ ಹುಟ್ತವೆ.”

“ಮತ್ತೆ ಈ ಮಾತ್ರೆ?”

“ಅದೊಬ್ಬ ಪುಣ್ಯಾತ್ಮ. ತನ್ನದೊಂದು ಚಪ್ಪಲಿ ಕೊಟ್ಟುಬಿಟ್ಟು, ಉಳಿದ ಒಂಟಿ ಚಪ್ಪಲಿಯಲ್ಲೇ ತಕರಾರಿಲ್ಲದೆ ಮನೆಗೆ ಹೋಗ್ತಾನೆ. ಗಲಾಟೆ ಅಲ್ಲಿಗೆ ನಿಲ್ತದೆ.”

ಅತ್ತೆಗೆ ಕಥೆ ಬಹಳ ಹಿಡಿಸಿತು. “ಎಷ್ಟು ಚೆಂದ ಹೇಳ್ತೀಯೆ ಮಾರಾಯ್ತಿ” ಎಂದು ಬೆನ್ನು ತಟ್ಟಿದರು. ನಾನು ಉಬ್ಬಿಹೋದೆ.

ಮರುದಿನ ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಒಂದು ನೆಲ್ಲಿಕಾಯಿ ಕಚ್ಚಿ ತಿಂದರು, ಬಾಯಿ ಮುಕ್ಕಳಿಸಿದರು, ಎಲೆಗೆ ಸುಣ್ಣ ಹಚ್ಚಿದರು, ಅಡಿಕೆ ಹೊಗೆಸೊಪ್ಪು ಇಟ್ಟು ಮಡಿಸಿ ನಿಶ್ಚಿಂತೆಯಿಂದ ಬಾಯಿಗೆ ಹಾಕಿಕೊಂಡರು. ನಾನು ಹೌಹಾರಿದೆ.

“ಹೆದ್ರಬೇಡ. ಪುಣ್ಯಾತ್ಮನ್ನ ಮೊದ್ಲೇ ಒಳಗೆ ಕಳ್ಸಿದೀನಿ.”

ಅಲ್ಲಿಂದ ಕವಳಕ್ಕೊಂದು ನೆಲ್ಲಿಕಾಯಿ ಎಂಬ ಪದ್ಧತಿ ಜಾರಿಗೆ ಬಂತು. ನೆಲ್ಲಿಕಾಯಿ ಮುಗಿದರೆ ಹುಳಿ ಮುರುಗಲು ಹಣ್ಣಿನ ಒಣಸಿಪ್ಪೆಯ ಪಾನಕ, ಅದೂ ಇಲ್ಲದಿದ್ದರೆ ವೈದ್ಯರ ಮಾತ್ರೆ. ರಕ್ಷಣೆ ಇದೆಯೆಂಬ ಧೈರ್ಯಕ್ಕೆ ಕವಳ ಮೊದಲಿಗಿಂತ ಹೆಚ್ಚೇ ಆಯಿತು. ನಾನು ಕೂಗಾಡಿದೆ. “ಡಾಕ್ಟ್ರೇ ಕೊಟ್ಟಿದಾರಲ್ಲ” ಎಂಬುದು ಅವರ ಉತ್ತರ.

ಇಷ್ಟು ಸಾಲದೆಂಬಂತೆ ನನ್ನ ಗಂಡ. ಅವರಿಗೆ ನರಸಿಂಹರಾಜಪುರದಲ್ಲಿ ನೌಕರಿ. ಒಂದು ಸಂಜೆ ಬಸ್ಸಿಳಿದು ಬಂದವರು ಚಪ್ಪಲಿ ಬಿಡುವ ಮೊದಲೇ, “ಇವತ್ತು ಬೆಳೆಗಾರರ ಸಭೇಲಿ ಒಬ್ರು ಭಾಷಣ ಮಾಡಿದ್ರು. ಅಡಿಕೆಯಲ್ಲೇ ಆಂಟಿಆಕ್ಸಿಡೆಂಟ್ ಇದೆಯಂತೆ” ಎಂದರು. ಅತ್ತೆ ಗೆದ್ದ ಮುಖದಲ್ಲಿ ನನ್ನ ಕಡೆ ತಿರುಗಿದರು. ಆ ರಾತ್ರಿ ಗಂಡನಿಗೆ ಸಾರಿನಲ್ಲಿ ಉಪ್ಪಿರಲಿಲ್ಲ.

ಭಾಷಣಕಾರರು ಹೇಳಿದ್ದು ಸುಳ್ಳೇನಲ್ಲ, ಸಿಟ್ಟು ಬಂದದ್ದು ಅದಕ್ಕೇ. ಅಡಿಕೆಯ ಒಗರಿನಲ್ಲಿ ಆ ಗುಣ ಇದೆ. ಆದರೆ ಸುಣ್ಣ ಸೇರಿದ ತಕ್ಷಣ ಅದೇ ಒಗರು ಪಕ್ಷ ಬದಲಿಸುತ್ತದೆ. ತೋರಿಸಿಯೇ ಬಿಡೋಣವೆಂದು ಅಡಿಕೆಪುಡಿ ನೆನೆಸಿದ ನೀರನ್ನು ಎರಡು ಗ್ಲಾಸಿಗೆ ಸುರಿದು, ಒಂದಕ್ಕೆ ಚಿಟಿಕೆ ಸುಣ್ಣ ಹಾಕಿ ಕಲಕಿದೆ. ನೋಡನೋಡುತ್ತಿದ್ದಂತೆ ನೀರು ಕೆಂಪಗಾಯಿತು.

“ನೋಡಿ, ನಿಮ್ಮ ಬಾಯಿ ಕೆಂಪಾಗೋದು ಹೀಗೇ. ಪುಣ್ಯಾತ್ಮನೇ ಚಪ್ಪಲಿ ಕಳ್ಳ ಆಗೋ ಹೊತ್ತು ಇದು.”

ಅತ್ತೆ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದರು. “ಎಂತಾ ಬಣ್ಣ ಬಂತೇ! ನಮ್ಮ ಅಡಿಕೆ ಒಳ್ಳೇದು ಅಂತ ನಾ ಹೇಳಿರ್ಲಿಲ್ವಾ?”

ವಿಜ್ಞಾನ ಅಲ್ಲಿಗೆ ಸೋತು ಹೊರಗೆ ಹೋಯಿತು. ತಮಾಷೆ ಅನ್ನಿಸಬಹುದು, ನನಗಾಗ ನಗು ಬರುತ್ತಿರಲಿಲ್ಲ. ವೈದ್ಯರು ಕೊಟ್ಟ ವಾರಗಳು ಒಂದೊಂದಾಗಿ ಕಳೆಯುತ್ತಿದ್ದವು. ಅತ್ತೆ ನಕ್ಕಾಗಲೆಲ್ಲ ನನ್ನ ಕಣ್ಣು ಆ ಕೆನ್ನೆಗೆ ಹೋಗುತ್ತಿತ್ತು. ನನ್ನ ತಾಯಿ ನಾನು ಚಿಕ್ಕವಳಿದ್ದಾಗಲೇ ಹೋದವರು. ಜಗಳವಾಡಲು ಒಬ್ಬ ಅಮ್ಮ ಸಿಕ್ಕಿದ್ದು ಮದುವೆಯಾದ ಮೇಲೆಯೇ. ಈ ಅಮ್ಮನನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಕೊನೆಗೆ ಒಂದು ದಿನ ಊಟ ಬಿಟ್ಟು ಕೂತೆ. ಅತ್ತೆ ಮೆತ್ತಗಾದರು. “ಆಯ್ತು, ಇನ್ನು ಹಾಕದಿಲ್ಲ” ಎಂದು ಮಾತು ಕೊಟ್ಟರು.

ಆ ವಾರವೇ ಶೃಂಗೇರಿಯಲ್ಲಿ ನೆಂಟರೊಬ್ಬರ ಗೃಹಪ್ರವೇಶ. ಅತ್ತೆ, ನಾನು, ಜೊತೆಗೆ ಪಕ್ಕದ ಮನೆಯ ಅಮ್ಮ. ಇವರು ಅತ್ತೆಯ ವಯಸ್ಸಿನವರು, ಬಾಯಲ್ಲಿ ಹಲ್ಲಿಲ್ಲ, ಕವಳವನ್ನು ಪುಟ್ಟ ಕುಟ್ಟಾಣಿಯಲ್ಲಿ ಜಜ್ಜಿಕೊಂಡೇ ತಿನ್ನುವವರು. ದಿನಾ ಮಧ್ಯಾಹ್ನ ಆ ಕುಟ್ಟಾಣಿ ಹಿಡಿದು ನಮ್ಮ ಜಗಲಿಗೆ ಬಂದರೆ ಇಬ್ಬರ ಮಾತು ದೀಪ ಹಚ್ಚುವ ಹೊತ್ತಿಗೆ ಮುಗಿಯುತ್ತಿತ್ತು.

ಊಟದ ನಂತರ ತಟ್ಟೆ ಬಂತು. ನಮ್ಮ ಕಡೆ ಕವಳದ ತಟ್ಟೆಯನ್ನು ಹಾಗೇ ಹಿಂದೆ ಕಳಿಸುವಂತಿಲ್ಲ, ಕಳಿಸಿದರೆ ಏನೋ ಮನಸ್ತಾಪ ಇದೆ ಎಂದೇ ಲೆಕ್ಕ. ಅತ್ತೆ ಕೈ ಹಿಂದೆಳೆದುಕೊಂಡರು. ಮನೆಯೊಡತಿಯ ಮುಖ ಸಣ್ಣಗಾಯಿತು. “ಎಂತ, ನಮ್ಮನೆ ಕವಳ ನಿಮಗೆ ಆಗದಿಲ್ವಾ?” ಅತ್ತೆ ನನ್ನನ್ನೊಮ್ಮೆ ನೋಡಿದರು, ಆಕೆಯನ್ನೊಮ್ಮೆ ನೋಡಿದರು. ಎಲೆ ತೆಗೆದುಕೊಂಡರು.

ವಾಪಸ್ ಬಸ್ಸಿನಲ್ಲಿ ಚೀಲದಿಂದ ನೆಲ್ಲಿಕಾಯಿ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದ ಅತ್ತೆಯನ್ನು ನೋಡಿ ನನಗೆ ಅಳು ತಡೆಯಲಾಗಲಿಲ್ಲ. ಕಂಡಕ್ಟರ್ ಎದುರಿಗೇ ಅತ್ತೆ. ಅತ್ತೆಯಲ್ಲ, ಅತ್ತದ್ದು ನಾನು, ಗಾಬರಿಯಾದದ್ದು ಇಡೀ ಬಸ್ಸು.

“ಎಂತಕ್ಕೆ ಅಳ್ತದೆ ನಿನ್ನ ಸೊಸೆ?” ಪಕ್ಕದ ಮನೆಯ ಅಮ್ಮ ಹಿಂದಿನ ಸೀಟಿನಿಂದ ಕೇಳಿದರು. ನಾನೇ ಮಚ್ಚೆಯ ವಿಷಯ ಹೇಳಿದೆ. ದಿನಾ ಜೊತೆಗೆ ಕೂರುವ ಗೆಳತಿಗೆ ಅತ್ತೆ ಅದನ್ನು ಹೇಳಿರಲೇ ಇಲ್ಲ! ಆ ಅಮ್ಮ “ಹೌದನೇ?” ಎಂದಷ್ಟೇ ಕೇಳಿದರು.

ಮರುದಿನ ಮಧ್ಯಾಹ್ನ ಅವರು ಎಂದಿನಂತೆ ಬಂದರು. ಕೈಯಲ್ಲಿ ಕುಟ್ಟಾಣಿ ಇರಲಿಲ್ಲ.

“ಕುಟ್ಟಾಣಿ ಎಲ್ಲೇ?” ಅತ್ತೆ ಕೇಳಿದರು.

“ಅಟ್ಟಕ್ಕೆ ಹಾಕ್ದೆ.”

“ನಿನಗೆಂತ ಆಗಿದೆ?”

“ನನಗೆಂತ ಆಗ್ಲಿಲ್ಲ. ನಾ ಎದ್ರಿಗೆ ಕೂತು ಹಾಕ್ತಿದ್ರೆ ನೀ ಬಿಡೂದು ಹೌದಾ?”

ಇಬ್ಬರೂ ಖಾಲಿ ಬಾಯಲ್ಲಿ ಕೂತರು. ಮೊದಲ ಕೆಲವು ದಿನ ಆ ಜಗಲಿ ನೋಡಲು ಆಗುತ್ತಿರಲಿಲ್ಲ. ಇಬ್ಬರಿಗೂ ತಲೆನೋವು, ಸಿಡುಕು. ಒಬ್ಬರನ್ನೊಬ್ಬರು ಬೈದುಕೊಂಡು ಎದ್ದುಹೋಗುವರು, ಮರುದಿನ ಮತ್ತೆ ಬಂದು ಕೂರುವರು. ಬಾಯಾಡಿಸಲು ನಾನು ಉಪ್ಪು ಹಾಕಿ ಒಣಗಿಸಿದ ನೆಲ್ಲಿಕಾಯಿ ಚೂರು ಇಡುತ್ತಿದ್ದೆ. ಹಲ್ಲಿಲ್ಲದ ಅಮ್ಮ ಅದನ್ನು ಚೀಪಿ ಚೀಪಿ ಮುಗಿಸುತ್ತಿದ್ದರು. ಕವಳದ ತಟ್ಟೆ ನಿಧಾನವಾಗಿ ಒಳಗಿನ ಕಪಾಟು ಸೇರಿತು.

ಹೀಗೆ ಕೆಲವು ವಾರ ಕಳೆದು ವೈದ್ಯರ ಬಳಿ ಹೋಗುವ ದಿನ ಮೂವರೂ ಹೋದೆವು. ಪಕ್ಕದ ಮನೆಯ ಅಮ್ಮ ಹೊರಗಿನ ಬೆಂಚಿನಲ್ಲಿ ಕೂತರು. ಟಾರ್ಚ್ ಹತ್ತಿತು.

“ಮಚ್ಚೆ ಬಹಳ ತೆಳುವಾಗಿದೆ” ಎಂದರು ವೈದ್ಯರು. “ಸದ್ಯ ಶಿವಮೊಗ್ಗ ಬೇಡ. ಆದ್ರೆ ಬಿಟ್ಟಿದ್ದು ಬಿಟ್ಟೇ ಇರಬೇಕು, ತೋರಿಸ್ತಾ ಇರಬೇಕು.” ಆಮೇಲೆ ಮಾತ್ರೆಯ ಚೀಟಿ ನೋಡಿ, “ಆಂಟಿಆಕ್ಸಿಡೆಂಟ್ ಸರಿಯಾಗಿ ತಗೊಂಡ್ರಾ?” ಎಂದು ಕೇಳಿದರು.

“ಹೂಂ” ಎಂದರು ಅತ್ತೆ. ಬಾಗಿಲಾಚೆಯ ಬೆಂಚಿನತ್ತ ಕೈ ತೋರಿಸಿದರು. “ಅಗಾ, ಅಲ್ಲಿ ಕೂತದೆ. ಚಪ್ಪಲಿ ಕೊಟ್ಟು ಕೂತದೆ.”

ವೈದ್ಯರು ಏನೂ ತಿಳಿಯದೆ ಬಗ್ಗಿ ಆ ಅಮ್ಮನ ಕಾಲು ನೋಡಿದರು. ಎರಡು ಕಾಲಲ್ಲೂ ಚಪ್ಪಲಿ ಇತ್ತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಹೊರಗಿನಿಂದ ಆ ಅಮ್ಮ, “ಎಂತಂತೆ? ಎಂತ ಹೇಳಿದ್ರು?” ಎಂದು ಕೂಗಿ ಕೇಳುತ್ತಲೇ ಇದ್ದರು.