ಚರ್ಚಿನಲ್ಲಿ ಸಿಕ್ಕ ಬೈಗುಳ

"ದೇವರ ಜಾಗದಾಗ ಬೂಟು ಹಾಕ್ಕೊಂಡು ಬರ್ತಾರೇನೋ?" ನಾಸಿಕ್‌ನ ಬ್ರಿಟಿಷರ ಕಾಲದ ಚರ್ಚಿನೊಳಗೆ, ಬೀದರಿನಿಂದ ಬಂದಿದ್ದ ಅವ್ವ ನನ್ನನ್ನು ಬೈಯುತ್ತಿದ್ದಳು. ಬೆಂಚು ಒರೆಸುತ್ತಿದ್ದ ವಯಸ್ಸಾದ ಕಾವಲುಗಾರರು ಬಟ್ಟೆ ಕೆಳಗಿಟ್ಟು ನೆಟ್ಟಗೆ ನಮ್ಮ ಬಳಿ ಬಂದರು. ಇಬ್ಬರನ್ನೂ ಹೊರಗೆ ಕಳಿಸುತ್ತಾರೆ ಎಂದುಕೊಂಡೆ.

"ಅಕ್ಕಾರ, ಇನ್ನೊಂದು ಸಲ ಬೈರಿ. ನಮ್ಮಾಕಿ ತೀರಿಕೊಂಡ ಮ್ಯಾಲ ನನಗ ಕನ್ನಡದಾಗ ಯಾರೂ ಬೈದಿಲ್ರಿ" ಎಂದರು.

ಅವ್ವ ಅವರನ್ನು ಮೇಲಿಂದ ಕೆಳಗೆ ನೋಡಿ, ಊಟವಾಯಿತೇ ಎಂದು ಕೇಳಿದಳು. ಮಧ್ಯಾಹ್ನ ಮೂರು ದಾಟಿತ್ತು. ಇನ್ನೂ ಇಲ್ಲ ಎಂದರು. ಅವ್ವನಿಗೆ ಅಷ್ಟು ಸಾಕಾಯಿತು. ಅವಳು ಐದು ನಿಮಿಷ ಬೈದಳು. ಅವರು ಕೈಕಟ್ಟಿ ನಿಂತು ಪೂರ್ತಿ ಕೇಳಿ, ಕಣ್ಣೊರೆಸಿಕೊಂಡು ಊಟದ ಡಬ್ಬಿ ತರಲು ಹೋದರು.

ಈಗ ಅವ್ವ ಫೋನಿನಲ್ಲಿ ಬೈಯಲು ಶುರುಮಾಡಿದರೆ, ಮೀಟಿಂಗ್ ಇದೆ ಎಂದು ನಾನು ಸುಳ್ಳು ಹೇಳುವುದಿಲ್ಲ.